ಈಸ್ಟನ್‌ನ ಬಟ್ಟಲು

ರೇನಾ ಆ ಮನೆಗೆ ಬಂದದ್ದು ಜೂನ್ ತಿಂಗಳಲ್ಲಿ, ಶಾಲೆಗೆ ಬೇಸಿಗೆ ರಜೆ ಬಿದ್ದ ವಾರ. ಕೌಂಟಿ ಆಡಳಿತದ ಮಕ್ಕಳ ಕಚೇರಿಯಲ್ಲಿ ಕೆಲಸ ಮಾಡುವ ಡೆನಿಸ್ ತನ್ನ ಕಾರಿನಲ್ಲಿ ಕರೆತಂದಳು. ಎಂಟು ವರ್ಷದ ಹುಡುಗಿ. ಬಟ್ಟೆ ತುಂಬಿದ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಸೊಂಟಕ್ಕೆ ಆನಿಸಿಕೊಂಡು, ನಾಲ್ಕು ಮಕ್ಕಳನ್ನು ಹೆತ್ತವಳ ಹಾಗೆ ಮೆಟ್ಟಿಲು ಹತ್ತಿ ಬಂದಳು. ಮನೆಯೊಡತಿ ರೊಂಡಾ ಕೈ ಚಾಚಿದರೂ ಬುಟ್ಟಿ ಕೊಡಲಿಲ್ಲ. ಒಳಗೆ ಬಂದು ಅಡುಗೆಮನೆ, ಮೆಟ್ಟಿಲು, ಹಿಂದಿನ ಬಾಗಿಲು ಎಲ್ಲವನ್ನೂ ಒಮ್ಮೆ ನೋಡಿ, "ಈಸ್ಟನ್ ಎಲ್ಲಿ ಮಲಗ್ತಾನೆ?" ಎಂದು ಕೇಳಿದಳು.

ಡೆನಿಸ್ ರೊಂಡಾಳ ಮುಖ ನೋಡಿದಳು. ತಮ್ಮ ಸದ್ಯಕ್ಕೆ ಬೇರೆ ಮನೆಯಲ್ಲಿದ್ದಾನೆ, ಬೇಗ ಭೇಟಿ ಮಾಡಿಸುತ್ತೇವೆ ಎಂದು ಕಾರಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಹುಡುಗಿ ತಲೆಯಾಡಿಸಿದಳು. ಆದರೆ ಬುಟ್ಟಿ ಕೆಳಗಿಡಲಿಲ್ಲ.

ಇವರ ತಾಯಿ ಇಬ್ಬರು ಮಕ್ಕಳನ್ನೂ ಬಾಡಿಗೆ ಮನೆಯಲ್ಲಿ ಬಿಟ್ಟು ಯಾರದೋ ಜೊತೆ ಹೋದವಳು ತಿರುಗಿ ಬಂದಿರಲಿಲ್ಲ. ಕೆಳಗಿನ ಮನೆಯವರಿಗೆ ಅನುಮಾನ ಬಂದು ಫೋನ್ ಮಾಡುವವರೆಗೆ ರೇನಾಳೇ ತಮ್ಮನಿಗೆ ಒಣ ಕಾರ್ನ್‌ಫ್ಲೇಕ್ಸ್ ತಿನ್ನಿಸಿ, ಮೈ ತೊಳೆಸಿ, ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿಸುತ್ತಿದ್ದಳು. ತಮ್ಮನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ.

ರೊಂಡಾ ಮತ್ತು ಅವಳ ಗಂಡ ಲೈಲ್ ಕೌಂಟಿಯವರು ತಾತ್ಕಾಲಿಕವಾಗಿ ಒಪ್ಪಿಸುವ ಇಂಥ ಮಕ್ಕಳನ್ನು ಸಾಕುತ್ತ ಬಂದು ವರ್ಷಗಳಾಗಿದ್ದವು. ವಿಸ್ಕಾನ್ಸಿನ್‌ನ ಆ ಸಣ್ಣ ಊರಿನಲ್ಲಿ ಲೈಲ್‌ಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ರೊಂಡಾ ಶಾಲೆಯ ಅಡುಗೆಮನೆಯಲ್ಲಿದ್ದಳು, ಬೇಸಿಗೆಯಲ್ಲಿ ಅವಳಿಗೂ ರಜೆ. ಸ್ವಂತ ಮಗಳು ಕ್ರಿಸ್ಟಾ ಮದುವೆಯಾಗಿ ಅದೇ ಊರಿನಲ್ಲಿದ್ದಳು. ಹಿಂದಿನ ವರ್ಷ ಈ ಮನೆಯಿಂದ ಒಬ್ಬ ಹುಡುಗ ತನ್ನ ತಂದೆಯ ಹತ್ತಿರ ವಾಪಸು ಹೋಗಿದ್ದ. ಅವನಿಗೆ ಮೀನು ಹಿಡಿಯುವುದನ್ನೂ ಸೈಕಲ್ಲನ್ನೂ ಕಲಿಸಿದವನು ಲೈಲ್. ಹುಡುಗ ಹೋದ ಮೇಲೆ ಲೈಲ್ ಗಾಳ ಮುಟ್ಟಲಿಲ್ಲ, ಇನ್ನು ಸಾಕು ಎಂದ. ರೊಂಡಾ ಸಾಕು ಎನ್ನಲಿಲ್ಲ. ರೇನಾ ಬಂದದ್ದು ಆ ಜಗಳ ತೀರುವ ಮೊದಲೇ.

ಅಷ್ಟರಲ್ಲಿ ಲೈಲ್‌ನ ತಾಯಿ ಆರ್ಡಿಸ್ ಕೂಡ ಬಂದು ಸೇರಿದ್ದಳು. ಎಂಬತ್ತು ದಾಟಿದ ಹೆಂಗಸು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು, ತನ್ನ ಮನೆಯನ್ನು ಮಾರಿ, ಮಗನ ಮನೆಯ ಕೆಳಗಿನ ಹಿಂಭಾಗದ ಕೋಣೆಗೆ ಬಂದವಳು. ಬಚ್ಚಲು ಪಕ್ಕದಲ್ಲೇ ಇದ್ದ ಕೋಣೆ ಅದೊಂದೇ. ಮೇಲೆ ಎರಡು ಕೋಣೆ: ಒಂದು ಗಂಡಹೆಂಡಿರದು, ಒಂದು ಬರುವ ಮಗುವಿಗೆ. ಅಕ್ಕ ತಮ್ಮ ಇಬ್ಬರನ್ನೂ ಇಟ್ಟುಕೊಳ್ಳುತ್ತೀರಾ ಎಂದು ಕೌಂಟಿಯವರು ಕೇಳಿದಾಗ, ಹೆಣ್ಣುಮಗುವಿಗೂ ಗಂಡುಮಗುವಿಗೂ ಬೇರೆ ಬೇರೆ ಕೋಣೆ ಬೇಕೆಂಬ ನಿಯಮವಿದ್ದುದರಿಂದ ರೊಂಡಾ, ನಮ್ಮಲ್ಲಿ ಒಬ್ಬರಿಗೇ ಜಾಗ ಎಂದು ಹೇಳಬೇಕಾಯಿತು. ಆ ಹೊತ್ತಿಗೆ ಆರ್ಡಿಸ್ ಅದೇ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿತ್ತು. ಅವಳು ಏನೂ ಅನ್ನಲಿಲ್ಲ, ರೊಂಡಾಳೂ ಅನ್ನಲಿಲ್ಲ. ಹುಡುಗನನ್ನು ಒಂದು ಗಂಟೆ ದೂರದ ಊರಿನಲ್ಲಿ ಮಕ್ಕಳಿಲ್ಲದ ದಂಪತಿಗಳ ಮನೆಗೆ ಕೊಟ್ಟರು.

*

ಬೇಸಿಗೆಯ ಭಾನುವಾರಗಳಲ್ಲಿ ಆ ಮನೆಯಲ್ಲಿ ಮಕ್ಕಳ ಸಂತೆ. ಚರ್ಚಿನಿಂದ ಬಂದು, ಹ್ಯಾಮ್ ಇಟ್ಟ ಬ್ರೆಡ್ಡು, ಆಲೂಗಡ್ಡೆ ಸಲಾಡು ಮುಗಿದ ಮೇಲೆ ಹಿತ್ತಲಿನ ಮೇಪಲ್ ಮರದ ಕೆಳಗೆ ಉದ್ದ ಮೇಜು ಹಾಕುತ್ತಿದ್ದರು. ಕ್ರಿಸ್ಟಾಳ ಮಗ ವೆಸ್ಲಿ, ಅವನ ತಂಗಿ, ಪಕ್ಕದ ಮನೆಯ ಮಕ್ಕಳು ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು. ಬಕೆಟ್ಟಿನಲ್ಲಿ ವೆನಿಲ್ಲಾ ಐಸ್‌ಕ್ರೀಂ, ಸಣ್ಣ ಉರಿಯಲ್ಲಿ ಕಾಯಿಸಿ ಇಳಿಸಿದ ಚಾಕೊಲೇಟ್ ಪಾಕ, ಹಿತ್ತಲಿನದೇ ಸ್ಟ್ರಾಬೆರಿ, ಕೊಚ್ಚಿದ ಬಾದಾಮಿ ಬೀಜಗಳು, ಕಡೆದ ಕೆನೆ, ಸಕ್ಕರೆಪಾಕದಲ್ಲಿ ನೆನೆಸಿದ ಚೆರ್ರಿ. ಯಾರ ಬಟ್ಟಲು ಅವರೇ ತುಂಬಿಕೊಳ್ಳಬೇಕು. ಅಂಗಡಿಯಲ್ಲಿ ಹೀಗೆ ಅಲಂಕರಿಸಿದ ಐಸ್‌ಕ್ರೀಂಗೆ ಸಂಡೇ ಎಂಬ ಹೆಸರಿದ್ದರೂ ಆ ಮನೆಯವರಿಗೆ ಅದು ಬರೀ 'ಬಟ್ಟಲು'. ಕಾಲಿರುವ ಗಾಜಿನ ಬಟ್ಟಲುಗಳು ಆರ್ಡಿಸ್ ತನ್ನ ಮನೆ ಮಾರಿದಾಗ ಹೊತ್ತು ತಂದವು. ಅವಳು ಮೇಜಿನ ತುದಿಯಲ್ಲಿ ಊರುಗೋಲು ಹಿಡಿದು ಕೂತು ಒಬ್ಬರಿಗೆ ಒಂದೇ ಬಟ್ಟಲು, ಒಂದೇ ಚೆರ್ರಿ ಎಂದು ಕಾವಲು ಕಾಯುತ್ತಿದ್ದಳು. ವೆಸ್ಲಿ ಎರಡನೆಯ ಚೆರ್ರಿಗೆ ಕೈ ಹಾಕಿದರೆ ಊರುಗೋಲು ಅವನ ಮೊಣಕೈಗೆ ತಾಗುತ್ತಿತ್ತು.

ಮೊದಲ ಭಾನುವಾರ ರೇನಾ ಎಲ್ಲರಿಗಿಂತ ಕೊನೆಗೆ ಬಂದಳು. ಉಳಿದ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದುಕೊಂಡು ಗಲ್ಲ ಕೆಂಪಾಗಿಸಿಕೊಂಡು ತಿನ್ನುತ್ತಿದ್ದರೆ ಇವಳು ಬೀಜ ಬಿಟ್ಟು, ಸ್ಟ್ರಾಬೆರಿಯನ್ನು ಚಮಚದಲ್ಲಿ ನುಣ್ಣಗೆ ಅರೆದು, ಪಾಕವನ್ನು ತುಸುವೇ ಹಾಕಿ, ಚೆರ್ರಿಯನ್ನು ಸೀಳಿ ಇಟ್ಟಳು. ಆಮೇಲೆ ರೊಂಡಾಳ ಹತ್ತಿರ ಬಂದು, ನನ್ನ ಕೋಣೆಗೆ ಒಯ್ದು ತಿನ್ನಲೇ ಎಂದು ಕೇಳಿದಳು. ತಿನ್ನುವ ವಿಷಯದಲ್ಲಿ ಹೊಸ ಮಕ್ಕಳನ್ನು ಬಲವಂತ ಮಾಡಬಾರದೆಂದು ರೊಂಡಾಳಿಗೆ ಅನುಭವದಿಂದ ಗೊತ್ತಿತ್ತು. ಹೂಂ ಅಂದಳು. ಮುಂದಿನ ಭಾನುವಾರಗಳಲ್ಲೂ ಹಾಗೆಯೇ ಆಯಿತು.

ವಾರದ ದಿನಗಳಲ್ಲಿ ರೇನಾಳನ್ನು ಬೈಯಲು ಯಾರಿಗೂ ಕಾರಣ ಸಿಗುತ್ತಿರಲಿಲ್ಲ. ಹೇಳುವ ಮೊದಲೇ ತಟ್ಟೆ ತೊಳೆಯುತ್ತಿದ್ದಳು, ಟವೆಲು ಮಡಚುತ್ತಿದ್ದಳು. ಬೇರೆ ಮಕ್ಕಳ ಮೂಗು ಒರೆಸುತ್ತಿದ್ದಳು. ಸಂಜೆ ಲೈಲ್ ಕಾರ್ಖಾನೆಯಿಂದ ಬಂದಾಗ ಅವನ ಬೂಟು ಬಾಗಿಲ ಬಳಿ ಜೋಡಿಸಿಡುತ್ತಿದ್ದಳು. ಅವನಿಗೆ ಇದು ಇಷ್ಟವಾಗುತ್ತಿರಲಿಲ್ಲ. ಅದು ಮಗುವಿನ ಕೆಲಸವಲ್ಲ ಎಂದು ಹೆಂಡತಿಗೆ ಹೇಳಿ, ಬೂಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬರತೊಡಗಿದ. ಊಟದ ಮೇಜಿನಲ್ಲಿ ಹುಡುಗಿಯ ಕಡೆ ನೋಡದೆ ಆಲೂಗಡ್ಡೆಯ ಬೋಗುಣಿ ಅವಳತ್ತ ಸರಿಸುತ್ತಿದ್ದ.

ಮೂರನೆಯ ಭಾನುವಾರದ ಹೊತ್ತಿಗೆ ಆರ್ಡಿಸ್‌ಗೆ ತನ್ನ ಬಟ್ಟಲುಗಳ ಲೆಕ್ಕ ತಪ್ಪಿತು. ಕಪಾಟು ತೆಗೆದು ಮುಚ್ಚಿ, ಮತ್ತೆ ತೆಗೆದು ಗೊಣಗಿದಳು. ಆ ವಾರವೇ ಮೆಟ್ಟಿಲಿನ ಗೋಡೆಯ ಮೇಲೆ ಇರುವೆ ಸಾಲು ಕಂಡಿತು.

"ಇರುವೆಗೆ ಮದುವೆ ಕರೆಯೋಲೆ ಕೊಟ್ಟ ಹಾಗಿದೆ ಈ ಮನೇಲಿ," ಎಂದು ಆರ್ಡಿಸ್ ಊಟದ ಹೊತ್ತಿನಲ್ಲಿ ಎತ್ತಿದಳು. "ಮೇಲಿಂದ ಹುಳಿ ವಾಸನೆ ಬೇರೆ. ನನಗೆ ಸೊಂಟ ಮುರಿದಿರೋದು, ಮೂಗಲ್ಲ."

ಲೈಲ್ ತಟ್ಟೆ ಬಿಟ್ಟು ಎದ್ದು ಮೇಲೆ ಹೋದ. ಇರುವೆ ಸಾಲು ರೇನಾಳ ಬಟ್ಟೆಯ ಕಪಾಟಿಗೆ ಹೋಗಿತ್ತು. ಒಳಗೆ ಅವಳ ಪ್ಲಾಸ್ಟಿಕ್ ಬುಟ್ಟಿ, ಅದರ ಹಿಂದೆ ಮೂರು ಗಾಜಿನ ಬಟ್ಟಲು. ಒಂದೊಂದರ ಮೇಲೂ ಒಂದು ಕಾಗದದ ಕರವಸ್ತ್ರ ಮುಚ್ಚಿತ್ತು. ಕೆಳಗೆ ಒಡೆದ ಹಾಲು, ಹಸಿರು ಬೂಷ್ಟು, ತೇಲುವ ಇರುವೆಗಳು. ಚಮಚ ಸಹಿತ ಇಟ್ಟಿದ್ದಳು, ಒಂದು ಬಾಯಿ ಕೂಡ ತಿಂದಿರಲಿಲ್ಲ.

ಅವನು ಮಗುವಿಗೆ ಏನೂ ಅನ್ನಲಿಲ್ಲ. ಬಟ್ಟಲುಗಳನ್ನು ತಂದು ಪಾತ್ರೆ ತೊಳೆಯುವ ತೊಟ್ಟಿಯಲ್ಲಿಟ್ಟು ಹೆಂಡತಿಯ ಮೇಲೆ ಏರಿಹೋದ. ಮಗು ಏನು ತಿನ್ನುತ್ತದೆ, ಏನು ಬಿಡುತ್ತದೆ ಎಂದು ನೋಡಲಾಗದಿದ್ದರೆ ಯಾಕೆ ತರಬೇಕು ಎಂದ. ರೊಂಡಾ, ನೀನು ಅದರ ಮುಖವನ್ನೇ ನೋಡುವುದಿಲ್ಲ, ನನಗೆ ಬುದ್ಧಿ ಹೇಳಬೇಡ ಎಂದಳು. ನಡುವೆ ಆರ್ಡಿಸ್, ತಾನು ಒಂಬತ್ತು ಮಕ್ಕಳ ಮನೆಯಲ್ಲಿ ಹುಟ್ಟಿದವಳು, ಹಸಿವು ಅಂದರೇನೆಂದು ಗೊತ್ತು, ಆದರೂ ತಟ್ಟೆ ಬಚ್ಚಿಟ್ಟವಳಲ್ಲ ಎಂದು ಸೇರಿಸಿದಳು.

ಮೂವರೂ ಮಾತಾಡುತ್ತಿದ್ದಾಗ ರೇನಾ ಸ್ಟೂಲು ಎಳೆದುಕೊಂಡು ಹತ್ತಿ ಆ ಬಟ್ಟಲುಗಳನ್ನು ತೊಳೆಯಲು ಶುರು ಮಾಡಿದ್ದಳು.

"ಬಿಡಮ್ಮ ಅದನ್ನ," ಎಂದು ರೊಂಡಾ ಅವಳ ಒದ್ದೆ ಕೈ ಹಿಡಿದಳು. "ಯಾಕೆ ತಿನ್ನಲಿಲ್ಲ? ಇಷ್ಟ ಇಲ್ವಾ?"

"ನಂದಲ್ಲ ಅದು. ಈಸ್ಟನ್‌ದು."

"ಕರಗಿ ಹೋಗುತ್ತಲ್ಲ ಚಿನ್ನ."

"ಕರಗಿದ್ರೂ ಕುಡೀತಾನೆ. ಕರಗಿದ್ದೇ ಅವನಿಗಿಷ್ಟ," ಎಂದಳು ರೇನಾ. "ಬೇಗ ಬರ್ತಾನೆ ಅಂತ ಡೆನಿಸ್ ಹೇಳಿದ್ರು. ಒಬ್ಬರಿಗೆ ಒಂದೇ ಅಂತ ಈ ಅಜ್ಜಿ ಹೇಳಿದ್ರು. ಅದಕ್ಕೆ ನಂದನ್ನ ಇಟ್ಟೆ."

ಆರ್ಡಿಸ್ ಊರುಗೋಲು ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಟ್ಟಲುಗಳನ್ನು ಕೊನೆಗೆ ತೊಳೆದವನು ಲೈಲ್.

*

ಮರುದಿನದಿಂದ ರೊಂಡಾ ಕೌಂಟಿ ಕಚೇರಿಗೆ ಫೋನ್ ಹಚ್ಚಿದಳು. ಬೇಗ ಎಂದರೆ ಯಾವಾಗ ಎಂದು ಕೇಳಿದಳು. ಆ ದಂಪತಿಗಳಿಗೆ ಪುರುಸೊತ್ತಿಲ್ಲ, ಹುಡುಗ ಇನ್ನೂ ಹೊಂದಿಕೊಳ್ಳುತ್ತಿದ್ದಾನೆ, ಈಗಲೇ ಕಲಕುವುದು ಬೇಡ ಎಂಬ ಉತ್ತರಗಳು ಬಂದವು. ಇವಳು ಬಿಡಲಿಲ್ಲ. ಡೆನಿಸ್ ಫೋನ್ ಎತ್ತದಿದ್ದರೆ ಅವಳ ಮೇಲಿನವರಿಗೆ ಮಾಡಿದಳು.

ಭಾನುವಾರ ಬಂದಾಗ ರೇನಾಳಿಗೆ ಎರಡು ಬಟ್ಟಲು ಸಿಕ್ಕವು. ರೊಂಡಾ ಮುಚ್ಚಳವಿರುವ ಒಂದು ಡಬ್ಬಿ ಕೊಟ್ಟು, ತಮ್ಮನದನ್ನು ಇದರಲ್ಲಿ ತುಂಬು, ನೆಲಮಾಳಿಗೆಯ ಫ್ರೀಜರಿನಲ್ಲಿ ಇಡೋಣ ಎಂದಳು. ವೆಸ್ಲಿ ಇದು ಅನ್ಯಾಯ, ಅವಳಿಗೆ ಮಾತ್ರ ಎರಡು ಯಾಕೆ ಎಂದು ತಗಾದೆ ತೆಗೆದ. ಆರ್ಡಿಸ್ ನಿಯಮ ಮುರಿದದ್ದಕ್ಕೆ ಸೊಸೆಯ ಮೇಲೆ ಸಿಡುಕುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಮೊಮ್ಮಗಳ ಮಗನ ಕಡೆ ತಿರುಗಿ, "ನಿನ್ನ ತಂಗಿ ಪಕ್ಕದಲ್ಲೇ ಕೂತಿದಾಳೆ. ಬಾಯಿ ಮುಚ್ಕೊಂಡು ತಿನ್ನು," ಎಂದಳು.

ತನ್ನ ಬಟ್ಟಲನ್ನು ರೇನಾ ಆಗಲೂ ಅರ್ಧ ಬಿಟ್ಟಳು. ಫ್ರೀಜರಿನಲ್ಲಿ ಜಿಂಕೆ ಮಾಂಸದ ಪೊಟ್ಟಣಗಳ ಮೇಲೆ ಡಬ್ಬಿಗಳು ಒಂದೊಂದಾಗಿ ಸೇರುತ್ತ ಹೋದವು. ಲೈಲ್‌ಗೆ ಇದು ಸರಿಬರಲಿಲ್ಲ. ಆಸೆ ಹುಟ್ಟಿಸಿ ಕೂಡಿಡಿಸುತ್ತಿದ್ದೀಯ, ನಾಳೆ ಅದನ್ನು ಒಡೆಯುವವರು ನೀನೋ ನಾನೋ ಎಂದು ಹೆಂಡತಿಯನ್ನು ಕೇಳಿದ. ಅವಳು ಬಟ್ಟೆ ಇಸ್ತ್ರಿ ಮಾಡುತ್ತಲೇ ಇದ್ದಳು.

ಜುಲೈ ಕೊನೆಗೆ ಆ ದಂಪತಿಗಳು ಒಪ್ಪಿ ಹುಡುಗನನ್ನು ಕರೆತಂದರು. ಕಾರಾ ಮತ್ತು ನೇಟ್, ಇಬ್ಬರೂ ಮೂವತ್ತರ ಆಸುಪಾಸಿನವರು, ಇಬ್ಬರಿಗೂ ಮುಖದಲ್ಲಿ ಅಂಜಿಕೆ. ಈಸ್ಟನ್ ಗುಂಡುಗುಂಡಗೆ ಆಗಿದ್ದ. ಕೂದಲು ಸಣ್ಣಗೆ ಕತ್ತರಿಸಿದ್ದರು, ಕಾಲಲ್ಲಿ ನಡೆದರೆ ಮಿನುಗುವ ಬೂಟು. ಅಕ್ಕನನ್ನು ನೋಡಿ ನಕ್ಕು ಓಡಿಬಂದ. ಅವಳು ಬಗ್ಗಿ ಎತ್ತಿಕೊಳ್ಳಲು ನೋಡಿದಳು, ಭಾರವಾಗಿದ್ದ, ಆಗಲಿಲ್ಲ.

ರೇನಾ ನೆಲಮಾಳಿಗೆಗೆ ಹೋಗಿ ಡಬ್ಬಿಗಳನ್ನೆಲ್ಲ ಎರಡು ಸಲ ಹೊತ್ತು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕೆನೆ ಕಲ್ಲಾಗಿತ್ತು, ಸ್ಟ್ರಾಬೆರಿಯ ಮೇಲೆ ಹಿಮ ಕಟ್ಟಿತ್ತು. ಒಂದನ್ನು ಬಿಸಿಲಿಗೆ ಹಿಡಿದು ಕರಗಿಸಿ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಮಚ ಬಾಯಿಗಿಟ್ಟಳು. ಹುಡುಗ ಚಮಚವನ್ನು ಕೈಯಿಂದ ಕಿತ್ತುಕೊಂಡ.

"ನಾನೇ ತಿಂತೀನಿ. ಮತ್ತೆ ನಂಗೆ ಬೀಜ ಬೇಕು. ಮಮ್ಮಿ, ಬೀಜ ಹಾಕು," ಎಂದು ಕಾರಾಳ ಕಡೆ ಕೈ ಚಾಚಿದ.

"ಅವನಿಗೆ ಬೀಜ ಕೊಡಬಾರದು," ರೇನಾ ಹೇಳಿದಳು. "ಗಂಟಲಿಗೆ ಸಿಕ್ಕುತ್ತೆ."

"ಸಣ್ಣಗೆ ಮಾಡಿದ್ರೆ ತಿಂತಾನೆ ಈಗ," ಎಂದಳು ಕಾರಾ ಮೆತ್ತಗೆ.

ಹುಡುಗ ತಿಂದ, ಮುಖಕ್ಕೆಲ್ಲ ಮೆತ್ತಿಕೊಂಡ. ರೇನಾ ಒದ್ದೆ ಬಟ್ಟೆ ತಂದು ಒರೆಸಿದಳು, ಬೇಡವೆಂದರೂ ಗಲ್ಲ ಹಿಡಿದು ಒರೆಸಿದಳು. ಅವನು ಅತ್ತ. ಕಾರಾ ಎದ್ದು ಬಂದು ಎತ್ತಿಕೊಂಡಳು.

"ಹಾಗಲ್ಲ," ಎಂದು ರೇನಾ ಅವಳ ಅಂಗಿ ಹಿಡಿದೆಳೆದಳು. "ಈ ಕಡೆ ಎತ್ಕೋಬೇಕು. ಆ ಕಡೆ ಕಿವಿ ಒತ್ತಿದ್ರೆ ನೋಯುತ್ತೆ ಅವನಿಗೆ."

"ಆ ಕಿವಿ ಡಾಕ್ಟರಿಗೆ ತೋರಿಸಿದ್ವಿ ಪುಟ್ಟಿ. ಗುಣ ಆಯ್ತು. ಈಗ ನೋಯಲ್ಲ."

ರೇನಾ ಅಂಗಿ ಬಿಟ್ಟಳು. ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತ ನಿಂತಳು, ಒರೆಸಿದ್ದನ್ನೇ ಒರೆಸಿದಳು.

ಹೊರಡುವ ಮುಂಚೆ ಕಾರಾ ಅಡುಗೆಮನೆಯಲ್ಲಿ ರೊಂಡಾಳ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ವರ್ಷಗಟ್ಟಲೆ ಮಗುವಿಗಾಗಿ ಕಾದದ್ದು, ಎರಡು ಸಲ ಕೈತಪ್ಪಿದ್ದು. ನಿಮ್ಮ ಮನೆಯಲ್ಲಿ ಒಬ್ಬರಿಗೇ ಜಾಗ ಎಂದು ಕೌಂಟಿಯವರು ಹೇಳಿದ್ದರಂತೆ, ಅದು ನಮ್ಮ ಪುಣ್ಯ ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರೇನಾ ಡಬ್ಬಿಗಳನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದುದನ್ನು ಅವಳು ನೋಡಲಿಲ್ಲ.

ಕಾರು ಹೋದ ಮೇಲೆ ಹುಡುಗಿ ಉಳಿದದ್ದನ್ನು ಚೆಲ್ಲಿ ಡಬ್ಬಿಗಳನ್ನು ತೊಳೆದು ಬೋರಲು ಹಾಕಿದಳು. ಆಮೇಲೆ ನೇರ ಆರ್ಡಿಸ್‌ಳ ಕೋಣೆಗೆ ಹೋದಳು. ಆ ತನಕ ಅವಳು ಆ ಹೊಸ್ತಿಲು ತುಳಿದಿರಲಿಲ್ಲ. ಮುದುಕಿ ಮಂಚದ ಮೇಲೆ ಕೂತು ಕಾಲಿನ ಸಾಕ್ಸ್ ಕಳಚುತ್ತಿದ್ದಳು. ಹುಡುಗಿ ಮಂಚ, ಕಿಟಕಿ, ಗೋಡೆಯ ಫೋಟೊಗಳು ಎಲ್ಲವನ್ನೂ ನೋಡಿದಳು.

"ಇದು ಈಸ್ಟನ್ ರೂಮಾಗ್ಬೇಕಿತ್ತಾ?" ಎಂದು ಕೇಳಿದಳು.

ರೊಂಡಾ ಹಜಾರದಿಂದ ಧಾವಿಸಿದಳು. ಅಷ್ಟರಲ್ಲಿ ಆರ್ಡಿಸ್ ಉತ್ತರ ಕೊಟ್ಟಾಗಿತ್ತು.

"ಹೌದು," ಎಂದಳು. "ನಾನು ಇಲ್ಲದಿದ್ರೆ ಆಗ್ತಿತ್ತು."

ರೇನಾ ತಲೆಯಾಡಿಸಿ ಮೇಲೆ ಹೋದಳು. ಆ ರಾತ್ರಿ ಊಟಕ್ಕೆ ಇಳಿಯಲಿಲ್ಲ. ಆರ್ಡಿಸ್ ಕೂಡ ತಟ್ಟೆ ಮುಟ್ಟದೆ ಎದ್ದುಹೋದಳು. ಮಗುವಿಗೆ ಹಾಗೆ ಹೇಳಬಹುದಿತ್ತಾ ಎಂದು ಲೈಲ್ ತಾಯಿಯನ್ನು ಗದರಿದ. ಸುಳ್ಳು ಹೇಳಿಸಿಕೊಂಡು ಆ ಮಗುವಿಗೆ ಸಾಕಾಗಿದೆ ಎಂದಷ್ಟೇ ಅವಳು ಅಂದಳು.

*

ಬೆಳಿಗ್ಗೆ ಲೈಲ್ ಕಾಫಿಗೆ ಬಂದಾಗ ಆರ್ಡಿಸ್‌ಳ ಗೋಡೆಯ ಫೋಟೊಗಳೆಲ್ಲ ಊಟದ ಕೋಣೆಯ ಮೇಜಿನ ಮೇಲಿದ್ದವು. ಅವಳು ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ದಿಂಬು ಹಿಡಿದು ಬರುತ್ತಿದ್ದಳು.

"ಏನಮ್ಮ ಇದು?"

"ಊಟದ ಕೋಣೇಲಿ ಯಾರು ಊಟ ಮಾಡ್ತಾರೆ? ಎಲ್ಲ ಅಡುಗೆಮನೇಲೇ ತಿಂತೀರಿ. ನನ್ನ ಮಂಚ ಇಲ್ಲಿ ಹಾಕು. ನಡುವೆ ಒಂದು ಪರದೆ ಕಟ್ಟು."

"ಬಚ್ಚಲು ದೂರ ಆಗುತ್ತೆ. ಇನ್ನೊಂದು ಸಲ ಬಿದ್ರೆ?"

"ಬಿದ್ರೆ ಎತ್ತೋಕೆ ಮಗ ಇದಾನೆ ಅಂತಲೇ ಮನೆ ಮಾರ್ಕೊಂಡು ಬಂದಿದ್ದು."

ರೊಂಡಾ ಬೇಡವೆಂದಳು. ಈ ಕೋಣೆ ನಿಮಗೆಂದು ಮಾತು ಕೊಟ್ಟಿದ್ದೇವೆ, ನಾವಾಗಿ ಕೇಳಿಲ್ಲ ಎಂದಳು. ಕೇಳಲಿಲ್ಲ ಅನ್ನುವುದೇ ನನ್ನನ್ನು ಜೂನ್‌ನಿಂದ ತಿನ್ನುತ್ತಿದೆ, ಕೇಳಿದ್ದರೆ ಆಗಲೇ ಇಲ್ಲ ಅಂದು ಹಗುರಾಗಿರುತ್ತಿದ್ದೆ ಎಂದು ಆರ್ಡಿಸ್ ಸಿಡುಕಿದಳು. ಸೊಸೆಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಲೈಲ್ ಆ ವಾರ ಕಾರ್ಖಾನೆಯಿಂದ ಬಂದವನು ಬಟ್ಟೆ ಬದಲಿಸದೆ ಮರಗೆಲಸಕ್ಕೆ ಇಳಿದ. ಬಚ್ಚಲಿನವರೆಗೆ ಗೋಡೆಗೆ ಹಿಡಿದು ನಡೆಯಲು ಮರದ ಪಟ್ಟಿ ಹೊಡೆದ. ಹಿಂದಿನ ಕೋಣೆಗೆ ತಿಳಿನೀಲಿ ಬಣ್ಣ ಬಳಿದ, ಅಟ್ಟದಿಂದ ಸಣ್ಣ ಮಂಚ ಇಳಿಸಿದ. ರೇನಾ ಕುಂಚ ಹಿಡಿದು ಜೊತೆಗೆ ನಿಂತಳು. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಆದರೆ ಅವಳು ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಟ್ಟ. ಕೌಂಟಿಯವರು ಬಂದು ಕೋಣೆ, ಕಿಟಕಿ, ಬಾಗಿಲು ಅಳೆದು ಒಪ್ಪಿಗೆ ಕೊಟ್ಟು ಹೋದರು. ಹುಡುಗನ ವಿಷಯ ಮಾತ್ರ ಸಭೆಯಲ್ಲೇ ತೀರ್ಮಾನವಾಗಬೇಕು ಎಂದರು.

ಸಭೆ ಆಗಸ್ಟ್ ನಡುವಿಗೆ ಬಿತ್ತು. ಕೌಂಟಿ ಕಚೇರಿಯ ಉದ್ದ ಮೇಜಿನ ಒಂದು ಕಡೆ ಕಾರಾ ಮತ್ತು ನೇಟ್, ಇನ್ನೊಂದು ಕಡೆ ರೊಂಡಾ ಮತ್ತು ಲೈಲ್, ತುದಿಯಲ್ಲಿ ಮಕ್ಕಳ ಪರ ವಕೀಲೆ. ತಾಯಿಯ ಸುಳಿವು ಇನ್ನೂ ಸಿಕ್ಕಿರಲಿಲ್ಲ. ಮೊದಲು ಮಾತಾಡಿದವನು ಲೈಲ್. ಹತ್ತು ಜನರ ಮುಂದೆ ಬಾಯಿ ಬಿಡದವನು ಅಂದು ಕೈಯಲ್ಲಿ ಟೋಪಿ ಹಿಂಡುತ್ತ, ಒಡಹುಟ್ಟಿದವರನ್ನು ಬೇರೆ ಮಾಡಬಾರದು, ಕೋಣೆ ಸಿದ್ಧವಿದೆ, ನನ್ನ ತಾಯಿ ಈ ವಯಸ್ಸಿನಲ್ಲಿ ಹಾಸಿಗೆ ಬಿಟ್ಟುಕೊಟ್ಟಿದ್ದಾಳೆ ಎಂದ. ನೇಟ್ ಹೆಂಡತಿಯ ಪರವಾಗಿ, ಹುಡುಗ ಈಗ ರಾತ್ರಿಯಿಡೀ ಮಲಗುತ್ತಾನೆ, ಮೊದಲೆಲ್ಲ ಬಾಗಿಲ ಬಳಿ ಕೂತು ಅಳುತ್ತಿದ್ದ ಎಂದು ಮಾತ್ರ ಹೇಳಿದ.

ವಕೀಲೆ ರೊಂಡಾಳತ್ತ ತಿರುಗಿದಳು. ನೀವು ಹುಡುಗನನ್ನು ನೋಡಿದ್ದೀರಿ, ಎಷ್ಟೋ ಮಕ್ಕಳನ್ನು ಸಾಕಿದವರು, ಈಗ ಅವನನ್ನು ಕದಲಿಸಿದರೆ ಏನಾಗುತ್ತದೆ ಎಂದು ಕೇಳಿದಳು.

ರೊಂಡಾ ಗಂಡನ ಮುಖ ನೋಡಲಿಲ್ಲ.

"ಇನ್ನೊಂದು ಸಲ ತಾಯೀನ ಕಳ್ಕೊಂಡ ಹಾಗಾಗುತ್ತೆ," ಎಂದಳು. "ಅವನು ಅಲ್ಲೇ ಇರಲಿ. ಆದ್ರೆ ಅಕ್ಕನ್ನ ಅವನಿಂದ ದೂರ ಇಡಬೇಡಿ. ಹದಿನೈದು ದಿನಕ್ಕೊಂದು ಸಲ, ತಪ್ಪದೆ. ಬೇಗ ಅನ್ನೋ ಮಾತು ಬೇಡ, ದಿನ ಗೊತ್ತು ಮಾಡಿ ಕೊಡಿ."

ಹಾಗೆಯೇ ತೀರ್ಮಾನವಾಯಿತು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ಲೈಲ್. ಊರ ಹತ್ತಿರ ಬಂದಾಗ, "ನನ್ನನ್ನ ಅಲ್ಲಿ ಕೋತಿ ಮಾಡಿದೆ," ಎಂದ. ಅವಳು ಹೌದು ಎಂದಳು. ಮನೆಗೆ ಹೋಗಿ ಆ ಮಗುವಿಗೆ ಏನು ಹೇಳುತ್ತೀಯ ಎಂದು ಕೇಳಿದ. ನಾನೇ ಹೇಳುತ್ತೇನೆ, ನೀನು ಬರಬೇಡ ಎಂದಳು.

ರೇನಾ ಹಿಂದಿನ ಕೋಣೆಯಲ್ಲೇ ಇದ್ದಳು. ಸಣ್ಣ ಮಂಚದ ಹೊದಿಕೆಯ ಸುಕ್ಕು ಎಳೆಯುತ್ತಿದ್ದಳು. ರೊಂಡಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಸುತ್ತುಬಳಸದೆ ಹೇಳಿದಳು. ಹುಡುಗಿ ಕೈ ನಿಲ್ಲಿಸಲಿಲ್ಲ.

"ಯಾರು ಹಾಗಂದಿದ್ದು? ಕಾರಾನಾ?"

"ನಾನೂ ಅಂದೆ."

"ನೀವಾ?"

"ಹೂಂ. ನಾನೇ ಅಂದೆ."

ರೇನಾ ಎದ್ದು, ಮಂಚದ ಹೊದಿಕೆ ತೆಗೆದು, ಮಡಚಿ, ದಿಂಬಿನ ಮೇಲಿಟ್ಟು ಹೊರಗೆ ಹೋದಳು. ಅವತ್ತಿನಿಂದ ಒಂದು ವಾರ ರೊಂಡಾಳ ಜೊತೆ ಮಾತಾಡಲಿಲ್ಲ. ತಟ್ಟೆ ತೊಳೆಯಲಿಲ್ಲ, ಟವೆಲು ಮಡಚಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಗೋಡೆಗೆ ತಿರುಗಿ ಮಲಗಿದಳು. ಒಂದು ಸಂಜೆ ಬೇಯಿಸಿದ ಮುಸುಕಿನ ಜೋಳದ ತೆನೆಯನ್ನು ತಟ್ಟೆಯಿಂದ ನೂಕಿ ನೆಲಕ್ಕೆ ಕೆಡವಿದಳು. ಲೈಲ್ ಎತ್ತಿಕೊಂಡು ಬಂದು ತೊಳೆದು ತಾನು ತಿಂದ.

ಆರ್ಡಿಸ್ ಕೂಡ ಸೊಸೆಯ ಮೇಲೆ ಮುಖ ಊದಿಸಿಕೊಂಡಿದ್ದಳು. ಪರದೆಯ ಹಿಂದಿನಿಂದಲೇ ಕೊಂಕು ಬರುತ್ತಿತ್ತು: ಖಾಲಿ ಕೋಣೆಗೆ ಬಣ್ಣ ಹೊಡೆಸಿದ ಮನೆ ಊರಲ್ಲಿ ಇದೊಂದೇ ಎಂದು. ನಿಮ್ಮ ಕೋಣೆಗೆ ವಾಪಸು ಹೋಗಿ ಎಂದು ರೊಂಡಾ ಎರಡು ಸಲ ಕೇಳಿದಳು. ಹದಿನೈದು ದಿನಕ್ಕೊಮ್ಮೆ ಭೇಟಿ ಅಂದರೆ ಒಂದು ಸಲವಾದರೂ ಆ ಹುಡುಗ ಇಲ್ಲಿ ಮಲಗಬೇಕಾಗುತ್ತದೆ, ನಾನು ಮಂಚ ಹೊತ್ತುಕೊಂಡು ಅತ್ತ ಇತ್ತ ಓಡಾಡುವ ವಯಸ್ಸಿನವಳಲ್ಲ ಎಂದು ಮುದುಕಿ ಪರದೆ ಎಳೆದುಕೊಂಡಳು. ರೊಂಡಾ ಒಲೆಯ ಮೇಲಿನ ಸಾರು ನೋಡಲು ಹೋದಳು.

*

ಗೊತ್ತು ಮಾಡಿದ ಮೊದಲ ಭೇಟಿ ಬೇಸಿಗೆ ರಜೆಯ ಕೊನೆಯ ಭಾನುವಾರ, ಕಾರಾಳ ಮನೆಯಲ್ಲಿ. ರೇನಾಳನ್ನು ಕರೆದೊಯ್ದವನು ಲೈಲ್. ರೊಂಡಾ ಬರುತ್ತೇನೆಂದು ಹೇಳಲಿಲ್ಲ, ಹುಡುಗಿ ಕರೆಯಲೂ ಇಲ್ಲ. ಅವರು ಹೋದ ಮೇಲೆ ರೊಂಡಾ ಹಿತ್ತಲಿನಲ್ಲಿ ಉದ್ದ ಮೇಜು ಹಾಕಿ ಮೊಮ್ಮಕ್ಕಳಿಗೆ ಐಸ್‌ಕ್ರೀಂ ಹಾಕಿಕೊಟ್ಟಳು. ಪಾಕ ತಳ ಹಿಡಿಯಿತು. ಆರ್ಡಿಸ್ ಚೆರ್ರಿಗಳ ಕಾವಲು ಬಿಟ್ಟು ರಸ್ತೆಯ ಕಡೆ ನೋಡುತ್ತ ಕೂತಿದ್ದಳು, ವೆಸ್ಲಿ ನಾಲ್ಕು ತಿಂದ.

ಸಂಜೆ ಊಟದ ಹೊತ್ತಿಗೆ ಕಾರು ಬಂತು. ರೇನಾ ಕೈ ತೊಳೆದು ಬಂದು ತನ್ನ ಜಾಗದಲ್ಲಿ ಕೂತಳು. ಮೇಜಿನ ಮೇಲೆ ಕೋಳಿ, ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ, ಬೀನ್ಸ್. ಅಲ್ಲಿ ಏನಾಯಿತೆಂದು ಲೈಲ್ ಅಷ್ಟಿಷ್ಟು ಹೇಳಿದ. ಕಾರಾ ಅಲ್ಲೂ ಪುಟ್ಟ ಮೇಜು ಹಾಕಿ ಬಟ್ಟಲುಗಳನ್ನು ಇಟ್ಟಿದ್ದಳಂತೆ. ಹುಡುಗ ಏನೇನು ತಿನ್ನುತ್ತಿದ್ದ, ಗುಡುಗಿದರೆ ಏನು ಮಾಡಬೇಕು, ಯಾವ ಹಾಡಿಗೆ ಮಲಗುತ್ತಾನೆ ಎಂದು ಅಕ್ಕನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿ ತಿಳಿದುಕೊಂಡಳಂತೆ. ರೇನಾ ಎಲ್ಲವನ್ನೂ ಹೇಳಿಕೊಟ್ಟಳಂತೆ. ಹಾಡನ್ನೂ ಹಾಡಿ ತೋರಿಸಿದಳಂತೆ.

"ಹೊರಡೋವಾಗ ಅತ್ತ ಅವನು," ಎಂದಳು ರೇನಾ.

ಯಾರಿಗೆ ಹೇಳಿದಳೆಂದು ಗೊತ್ತಾಗಲಿಲ್ಲ. ಉತ್ತರ ಕೊಟ್ಟವಳು ಆರ್ಡಿಸ್.

"ಎಷ್ಟು ಅತ್ತ?"

"ತುಂಬ. ಕಾರಾ ಎತ್ಕೊಂಡ್ರೂ ನಿಲ್ಲಿಸಲಿಲ್ಲ. ಕಾರು ತಿರುಗೋ ತನಕ ಕೇಳಿಸ್ತಿತ್ತು."

"ಒಳ್ಳೇದಾಯ್ತು," ಎಂದಳು ಆರ್ಡಿಸ್. "ಅಕ್ಕ ಹೊರಟಾಗ ಅಳಬೇಕು. ಅಳದಿದ್ರೆ ನಾನು ಅವನಿಗೆ ಬೈತಿದ್ದೆ."

ರೇನಾ ಮುದುಕಿಯನ್ನು ನೋಡಿದಳು.

"ನೀನು ಅತ್ತಿದ್ಯಾ?" ಎಂದು ಆರ್ಡಿಸ್ ಕೇಳಿದಳು.

"ಇಲ್ಲ."

"ಹಾಗಾದ್ರೆ ಊಟ ಮುಗಿಸಿ ಅಳು. ಖಾಲಿ ಹೊಟ್ಟೇಲಿ ಅಳಬಾರದು." ಆರ್ಡಿಸ್ ಆಲೂಗಡ್ಡೆಯನ್ನು ತಾನೇ ಎತ್ತಿ ಅವಳ ತಟ್ಟೆಗೆ ಹಾಕಿದಳು.

ರೇನಾ ಚಮಚ ಹಿಡಿದಳು. ಒಂದು ತುತ್ತು ಬಾಯಿಗಿಟ್ಟುಕೊಂಡಳು. ಎರಡನೆಯ ತುತ್ತಿಗೆ ಚಮಚ ಬಿಟ್ಟು, ಕುರ್ಚಿ ಹಿಂದಕ್ಕೆ ನೂಕಿ, ಮೇಜನ್ನು ಸುತ್ತಿಕೊಂಡು ಬಂದು ರೊಂಡಾಳ ಮಡಿಲಲ್ಲಿ ಮುಖವಿಟ್ಟಳು.